ಬೋರ್ ಪೂಜೆಯ ಫೋಟೊ

ನನ್ನ ಅಕ್ಕ ಸೊಣ್ಣಮ್ಮ ಫೋನ್ ಮಾಡದೆ ಯಲಹಂಕಕ್ಕೆ ಬಂದವಳೇ ಅಲ್ಲ. ಆ ಮಂಗಳವಾರ ನಾನು ಅಂಗಡಿಯ ಷಟರ್ ಎತ್ತಲು ಹೋದಾಗ ಎದುರಿನ ಬೇಕರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಮೊದಲ ಬಸ್ಸಿಗೇ ಬಂದಿರಬೇಕು. ‘ಬಾಲರಾಜು ಬೋರ್‌ವೆಲ್ಸ್’ ಎಂಬ ನನ್ನ ಬೋರ್ಡಿನ ಕೆಳಗೆ ನಿಂತು, ಒಳಗೆ ಬರುವ ಮೊದಲೇ ಚೀಲದಿಂದ ಗಣಿ ಕಂಪನಿಯವರು ಹಂಚಿದ ಒಂದು ಬಣ್ಣದ ಪುಸ್ತಕ ತೆಗೆದಳು.

"ನೋಡು ರಾಜು, ನನ್ ಫೋಟೊ ಆಕವ್ರೆ."

ನೋಡುವ ಅಗತ್ಯವೇನೂ ಇರಲಿಲ್ಲ. ಫೋಟೊ ತೆಗೆದವನೇ ನಾನು. ಬೋರ್ ಕೊರೆಯುವ ನನ್ನ ರಿಗ್ ಲಾರಿಯ ಮುಂದೆ ಅಕ್ಕ ಕರ್ಪೂರ ಹಚ್ಚಿ ಕೈ ಮುಗಿದಿದ್ದಾಳೆ. ಕೆಳಗೆ ಅಚ್ಚಾಗಿತ್ತು: ‘ಬಿಳಿಗುಟ್ಟಹಳ್ಳಿಯ ಗ್ರಾಮಸ್ಥರು ಖನಿಜ ಪರಿಶೋಧನೆಗೆ ಪೂಜೆ ಸಲ್ಲಿಸಿ ಸಂತೋಷದಿಂದ ಒಪ್ಪಿಗೆ ನೀಡಿದರು.’

ನಡೆದದ್ದನ್ನು ಹೇಳಿಬಿಡುತ್ತೇನೆ. ಅಕ್ಕನನ್ನು ಕೊಟ್ಟಿರುವ ಬಿಳಿಗುಟ್ಟಹಳ್ಳಿ ಇಲ್ಲಿಂದ ಒಂದೂವರೆ ಗಂಟೆಯ ದಾರಿ. ಊರಿನ ಬೆನ್ನಿಗಿರುವ ಗುಡ್ಡದಲ್ಲಿ, ಊರವರು ಗುಟ್ಟೆ ಎನ್ನುವುದರಲ್ಲಿ, ಲಿಥಿಯಂ ಇದೆಯಂತೆ. ನಮ್ಮ ಹೆಬ್ಬಾಳದ ಫ್ಲೈಓವರ್ ಮೇಲೆ ಸದ್ದಿಲ್ಲದೆ ಓಡುವ ಹಸಿರು ನಂಬರ್ ಪ್ಲೇಟಿನ ಗಾಡಿಗಳ ಬ್ಯಾಟರಿಗೆ ಅದೇ ಬೇಕು. ಗುಟ್ಟೆಯ ನೀರೇ ಊರಿನ ಕೆರೆಗೆ ಇಳಿಯುವುದು. ಗುಟ್ಟೆ ಅಗೆದರೆ ಕೆರೆ ಹೋಯಿತು, ಹಿಪ್ಪುನೇರಳೆ ಹೋಯಿತು, ಹಸುಗಳೂ ಹೋದವು. ಅದಕ್ಕೇ ಊರಿನ ಹೆಂಗಸರು ರಸ್ತೆಗೆ ಅಡ್ಡ ಕೂತು ಕಂಪನಿಯ ಜೀಪುಗಳನ್ನು ಮೂರು ಸಲ ವಾಪಸು ಕಳಿಸಿದ್ದರು.

ಆಗ ಕಂಪನಿಯ ಪುನೀತ್ ನನ್ನ ಅಂಗಡಿಗೆ ಬಂದ. "ನಿಮ್ ಲಾರೀನ ತಡಿಯಲ್ಲ ಗುರು, ನಿಮ್ ಅಕ್ಕನ ಊರಲ್ವಾ? ಕುಡಿಯೋ ನೀರಿನ ಬೋರ್ ಅಂತ ಹೇಳಿ. ಒಂದೇ ಒಂದು ತೂತು, ಕಲ್ಲಿನ ಪುಡಿ ಟೆಸ್ಟಿಗೆ ಬೇಕು ಅಷ್ಟೆ. ಹೊಗೆ ಇಲ್ದಿರೋ ಗಾಡಿ ಬರುತ್ತೆ, ದೇಶದ ಕೆಲಸ." ದೇಶದ ಕೆಲಸದ ಜೊತೆಗೆ ವರ್ಷವಿಡೀ ಕೊರೆಯುವ ಕಂತ್ರಾಟು ನನಗೇ ಎಂದೂ ಹೇಳಿದ. ನನ್ನ ಲಾರಿ ಎರಡು ತಿಂಗಳಿಂದ ನಿಂತಲ್ಲೇ ನಿಂತಿತ್ತು. ಕಲ್ಲಿನ ಪುಡಿ ಒಯ್ದರೆ ಯಾರ ಗಂಟು ಹೋಗುತ್ತದೆ ಎಂದು ನನಗೆ ನಾನೇ ಟೋಪಿ ಹಾಕಿಕೊಂಡೆ.

ಲಾರಿ ತೆಗೆದುಕೊಂಡು ಊರಿಗೆ ಹೋದಾಗ ರಸ್ತೆಯಲ್ಲಿ ಕೂತವರ ನಡುವೆ ಅಕ್ಕನೂ ಇದ್ದಳು. "ಇದು ಅವ್ರ ಗಾಡಿ ಅಲ್ಲ ತಾನೆ?" ಎಂದಳು.

"ಕುಡಿಯೋ ನೀರಿಗೆ ಕಣಕ್ಕ."

ಅವಳು ಇನ್ನೊಂದು ಮಾತು ಕೇಳಲಿಲ್ಲ. ಹೆಂಗಸರ ಕಡೆ ತಿರುಗಿ, "ನನ್ ತಮ್ಮ ಕಣ್ರೇ, ದಾರಿ ಬುಡಿ" ಎಂದಳು. ಬಿಟ್ಟರು.

ಬೋರ್ ಕೊರೆಯುವ ಮೊದಲು ಗುರುತು ಹಾಕಿದ ಪಾಯಿಂಟಿಗೆ ಪೂಜೆ ಮಾಡದೆ ನಮ್ಮ ಕಡೆ ಯಾರೂ ಮೆಷಿನ್ ಇಳಿಸುವುದಿಲ್ಲ. ಅಕ್ಕ ಓಡಿಹೋಗಿ ಅರಿಶಿನ, ಕುಂಕುಮ, ಕರ್ಪೂರ, ತೆಂಗಿನಕಾಯಿ ತಂದಳು. ಚಪ್ಪಲಿ ಬಿಟ್ಟು, ಸೆರಗು ಹೊದ್ದು, ಗಂಗಮ್ಮ ತಾಯಿ ಎಂದು ಆ ಜಾಗಕ್ಕೆ ಅಡ್ಡಬಿದ್ದಳು. ಬೇಡ ಬಿಡಕ್ಕ ಎನ್ನಬಹುದಿತ್ತು. ಅನ್ನಲಿಲ್ಲ, ಮೊಬೈಲ್ ತೆಗೆದು ಫೋಟೊ ಹಿಡಿದೆ. ಕೆಲಸ ಶುರುವಾದದ್ದಕ್ಕೆ ಗುರುತು ಬೇಕೆಂದು ಪುನೀತ್ ಕೇಳಿದ್ದ.

ಮುನ್ನೂರಿಪ್ಪತ್ತು ಅಡಿಗೆ ನೀರೂ ಬಂತು. ಹೆಂಗಸರು ಬಿಂದಿಗೆ ಹಿಡಿದು ನಗುತ್ತಾ ಬಂದರು. ನನ್ನ ಹುಡುಗರು ಹತ್ತಡಿಗೊಮ್ಮೆ ಕಲ್ಲಿನ ಪುಡಿಯನ್ನು ಚೀಲಕ್ಕೆ ತುಂಬಿ ನಂಬರ್ ಬರೆಯುತ್ತಿದ್ದರು. ಸರ್ಕಾರದ ಪರೀಕ್ಷೆಗೆ ಎಂದೆ. ಸಂಜೆ ಕೊಳವೆಯ ಬಾಯಿಗೆ ಕಬ್ಬಿಣದ ಮುಚ್ಚಳ ಹಾಕಿ ಬೆಸೆದೆವು. ಮೋಟಾರ್ ಬಂದ ಮೇಲೆ ಬಿಚ್ಚುತ್ತೇವೆ ಎಂದೆ. ಅಕ್ಕನ ಮನೆಯಲ್ಲೇ ಮುದ್ದೆ ಉಂಡು ಬಂದೆ. ಆ ಊಟ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಈಗ ಅಕ್ಕ ಅಂಗಡಿಯ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದಳು. ಡೇರಿಯಲ್ಲಿ ಹಾಲು ಹಾಕಲು ನಿಂತರೆ ಪಕ್ಕದವರು ಸರಿದು ನಿಲ್ಲುತ್ತಾರೆ. ಹೋರಾಟದ ಮುಂದಾಳು ಮಹಾಲಿಂಗಪ್ಪ ಎಲ್ಲರೆದುರು, ಸೊಣ್ಣಮ್ಮನೇ ದಾರಿ ಬಿಡಿಸಿದ್ದು ಎಂದಿದ್ದಾನೆ.

"ನಿನ್ ತಮ್ಮಂಗೆ ಎಲ್ಲಾ ಗೊತ್ತಿತ್ತು ಅಂತಾನೆ ಆವಯ್ಯ. ಚೆನ್ನಾಗ್ ಉಗುದ್ಬುಟ್ಟೆ. ಎತ್ತಿ ಆಡ್ಸಿದೋಳು ನಾನು, ನಂಗೊತ್ತಿಲ್ವಾ ನೀನ್ ಎಂಥೋನು ಅಂತ? ಸುಕ್ರವಾರ ಸಾಹೇಬ್ರು ಬಂದು, ಒಪ್ಪಿಗೆ ಕೊಟ್ಟಿದ್ದು ದಿಟವಾ ಅಂತ ಊರೋರ್ನೆಲ್ಲಾ ವಿಚಾರುಸ್ತಾರೆ. ನೀನೂ ಬಂದು ನನಗೂ ಮೋಸ ಮಾಡುದ್ರು ಅಂತ ಒಂದು ಮಾತು ಏಳ್ಬುಡು. ಸಾಕು."

ಅವಳೇ ಯೋಚಿಸಿ ನನಗೊಂದು ದಾರಿ ಮಾಡಿಕೊಂಡು ಬಂದಿದ್ದಳು. ತಲೆ ಆಡಿಸಿದ್ದರೆ ಮುಗಿಯುತ್ತಿತ್ತು, ಅಕ್ಕ ನನಗೆ ಉಳಿಯುತ್ತಿದ್ದಳು. ಆದರೆ ಪುನೀತ್‌ನನ್ನು ನಾನು ಬಲ್ಲೆ. ಬೋರ್‌ನವನು ತಪ್ಪು ತಿಳಿದು ನೀರಿಗೆ ಎಂದರೆ ನಮ್ಮ ತಪ್ಪೇನು, ಪೂಜೆ ಮಾಡಿದ್ದು ನಿಜ ತಾನೆ ಎನ್ನುತ್ತಿದ್ದ. ಸುಳ್ಳು ಹೇಳು ಎಂದು ಕಳಿಸಿದ್ದು ಕಂಪನಿ ಎಂದು ನಾನು ಹೇಳಿದರೆ ಮಾತ್ರ ಆ ಒಪ್ಪಿಗೆ ಬಿದ್ದುಹೋಗುತ್ತಿತ್ತು.

"ಗೊತ್ತಿತ್ತಕ್ಕ," ಎಂದೆ.

ಬೀದಿಯಲ್ಲಿ ಗ್ಯಾಸ್ ಗಾಡಿ ಹೋಯಿತು. ಅವಳು ಪುಸ್ತಕವನ್ನೇ ನೋಡುತ್ತಿದ್ದಳು.

"ನಾನು ಅಡ್ಡಬೀಳೋವಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು, "ಅದ್ನೇ ಬಂದು ಏಳು" ಎಂದು ಎದ್ದಳು. ಕಾರಿನಲ್ಲಿ ಬಿಡುತ್ತೇನೆ ಎಂದರೆ ತಿರುಗಿಯೂ ನೋಡದೆ ಬಸ್ ಸ್ಟಾಂಡಿನ ಕಡೆ ನಡೆದಳು.

ಶುಕ್ರವಾರ ಹೋದೆ. ಶಾಲೆಯ ಬಯಲಿನಲ್ಲಿ ಶಾಮಿಯಾನ, ಮೇಜಿನ ಹಿಂದೆ ಅಧಿಕಾರಿಗಳು, ಪಕ್ಕದಲ್ಲಿ ಪುನೀತ್. ನಾನು ಮೈಕ್ ಹಿಡಿದು ಏನನ್ನೂ ಬಿಡದೆ ಹೇಳಿದೆ. ಯಾರು ಕಳಿಸಿದರು, ಏನು ಹೇಳಲು ಹೇಳಿದರು, ನನ್ನ ಅಕ್ಕನ ಮುಖ ನೋಡಿಕೊಂಡು ನಾನು ಎಂಥ ಸುಳ್ಳು ಹೇಳಿದೆ ಎಂಬುದೆಲ್ಲ. ಪುನೀತ್ ಮೊಬೈಲ್ ಕಿವಿಗಿಟ್ಟು ಆಚೆ ಹೋದ. ಜನ ಎದ್ದು ಕೂಗಿದರು. ಆ ಫೋಟೊ ಒಪ್ಪಿಗೆಯಲ್ಲ ಎಂದು ನಡಾವಳಿಯಲ್ಲಿ ಬರೆಯಿರಿ ಎಂದರು ದೊಡ್ಡ ಅಧಿಕಾರಿ. ಮಹಾಲಿಂಗಪ್ಪ ತಾನೇ ಹೋಗಿ ಅಕ್ಕನ ಕೈ ಹಿಡಿದು ಮುಂದಕ್ಕೆ ಕರೆತಂದ. ಹೆಂಗಸರು ಅವಳ ಸುತ್ತ ನಿಂತರು.

ಬರೆಯುತ್ತಿದ್ದ ಗುಮಾಸ್ತ ಪೆನ್ನು ಎತ್ತಿ ಕೇಳಿದ.

"ಫೋಟೊದಲ್ಲಿರೋದು ನೀವೇನಾಮ್ಮ?"

"ನಾನೇ ಸ್ವಾಮಿ."

"ಇವ್ರು ನಿಮ್ ತಮ್ಮ, ಅಲ್ವಾ?"

ಅಕ್ಕ ನನ್ನನ್ನು ನೋಡಿದಳು. ಆವತ್ತು ಇಡೀ ದಿನದಲ್ಲಿ ನನ್ನ ಕಡೆ ನೋಡಿದ್ದು ಅದೊಂದೇ ಸಲ.

"ಬೋರು ಕೊರಿಯಾಕೆ ಬಂದಿದ್ದೋರು," ಎಂದಳು. "ಅಷ್ಟು ಬರ್ಕೊಳಿ."

ಗುಮಾಸ್ತ ನನ್ನ ಮುಖ ನೋಡಿದ.

"ಅಷ್ಟೇ ಬರ್ಕೊಳಿ ಸಾರ್," ಎಂದೆ.