ಜಡ್ಜ್ ಸಾಹೇಬರ ಎರಡು ಸೆಕೆಂಡು

೧

ಎಲ್ಲಿಂದ ಶುರು ಮಾಡುವುದು ಅನ್ನುವುದೇ ಮೊದಲ ತಲೆನೋವು. ನಟನ ಕಥೆ ಅಂದಮೇಲೆ ಕನ್ನಡಿಯ ಮುಂದಿನಿಂದಲೇ ಶುರುವಾಗಬೇಕು ಅಂತ ಒಂದು ಅಲಿಖಿತ ಕಾನೂನಿದೆ. ಸುತ್ತ ಬಲ್ಬು, ಮಧ್ಯೆ ಬಣ್ಣ ಒರೆಸಿಕೊಳ್ಳುತ್ತಿರುವ ಮುದುಕ, ಕಣ್ಣಂಚಿನಲ್ಲಿ ಒಂದು ಹನಿ. ಇದನ್ನು ಒಂದೂವರೆ ಪುಟ ಬರೆದೆ. ಈ ಕಥೆಯ ನಟರೇ ಅದನ್ನು ಓದಿ, "ನನಗೆ ಯಾವ ಕಾಲದಲ್ಲಿ ಬೇರೆ ಮೇಕಪ್ ರೂಮ್ ಕೊಟ್ಟಿದ್ರು ಸ್ವಾಮಿ? ಮೆಟ್ಟಿಲ ಮೇಲೆ ಕೂತು ಪೌಡರ್ ಹಚ್ಕೊಂಡು ಒಳಗೆ ಹೋಗ್ತಿದ್ದೆ" ಅಂದರು.

ಹರಿದು ಹಾಕಿದೆ.

೨

ಬೇರೆ ಕಡೆಯಿಂದ ಬರುತ್ತೇನೆ. ಬೆಳಗ್ಗೆ ಹತ್ತು ಗಂಟೆ, ಕ್ಷೌರದ ಅಂಗಡಿ. ಕತ್ತಿನವರೆಗೆ ಬಿಳಿ ಬಟ್ಟೆ ಹೊದ್ದು ಕೂತಿರುವ ಅರವತ್ತೇಳು ವರ್ಷದವರ ಕಿವಿಯ ಹತ್ತಿರ ಕತ್ತರಿ ಆಡಿಸುತ್ತ ಕ್ಷೌರಿಕ ಹೇಳುತ್ತಿದ್ದಾನೆ:

"ಜಡ್ಜ್ ಸಾಹೇಬ್ರೇ, ಆ ಚಿಕ್ಕ ಸೊಸೆ ಕೇಸಲ್ಲಿ ನೀವು ಮಾಡಿದ್ದು ಅನ್ಯಾಯ. ನಮ್ಮನೇಲಿ ಎರಡು ದಿನ ಯಾರಿಗೂ ಊಟ ಸೇರ್ಲಿಲ್ಲ."

"ಮೇಲಿನ ಕೋರ್ಟಿಗೆ ಹೋಗೋಕೆ ಹೇಳಿ."

"ಅಲ್ಲೂ ನೀವೇ ಇರ್ತೀರಲ್ಲ."

"ಅದು ಬೇರೆ ಚಾನೆಲ್. ಅಲ್ಲಿ ನಾನು ಸೊಸೆ ಪರ."

ಇವರೇ ನಮ್ಮ ನಟರು. ಹದಿನೈದು ವರ್ಷ ರಂಗಭೂಮಿ: ಕಾವಲುಗಾರ, ದೂತ, ಎರಡನೇ ಮಂತ್ರಿ. ಒಮ್ಮೆ ಮಾತ್ರ ರಾಜ, ಅದೂ ಅಸಲಿ ರಾಜನಿಗೆ ಕಾಮಾಲೆ ಆಗಿದ್ದರಿಂದ. ಆಮೇಲೆ ಇಪ್ಪತ್ತೇಳು ವರ್ಷ ಟೀವಿ. ಕೂದಲು ಕಪ್ಪಿದ್ದಾಗ ಡಾಕ್ಟರು, ಬೆರಕೆಯಾದಾಗ ಪ್ರಿನ್ಸಿಪಾಲು, ಪೂರ್ತಿ ಬೆಳ್ಳಗಾದ ದಿನದಿಂದ ಜಡ್ಜು. ಹನ್ನೊಂದು ಧಾರಾವಾಹಿಗಳಲ್ಲಿ ಜಡ್ಜು. ನಾಯಕಿಯರು ಮದುವೆಯಾದರು, ನೆನಪು ಕಳೆದುಕೊಂಡರು, ಮುಖ ಬದಲಾಯಿಸಿಕೊಂಡು ಬಂದರು. ನ್ಯಾಯಪೀಠದಲ್ಲಿ ಮಾತ್ರ ಬದಲಾವಣೆ ಇಲ್ಲ. ಕಪ್ಪು ಕೋಟು ಅವರ ಸ್ವಂತದ್ದು. ಶೂಟಿಂಗಿಗೆ ಕರೆಯುವವರು "ನೀವು ಬನ್ನಿ" ಅನ್ನುವುದಿಲ್ಲ, "ಕೋಟು ತಗೊಂಡು ಬನ್ನಿ" ಅನ್ನುತ್ತಾರೆ.

(ಹೆಸರು ಕೊಟ್ಟಿಲ್ಲ ಅಂತ ಕೇಳಬೇಡಿ. ಇಪ್ಪತ್ತೇಳು ವರ್ಷ ನೋಡಿದ ನಿಮಗೇ ಅವರ ಹೆಸರು ಗೊತ್ತಿಲ್ಲ.)

೩

ಇನ್ನು ಒಂದು ಗುಟ್ಟು ಹೇಳಬೇಕು. ಇದು ಗೊತ್ತಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ದಿನಾ ಬರುವ ಧಾರಾವಾಹಿಯಲ್ಲಿ ಯಾರೂ ಮಾತು ಬಾಯಿಪಾಠ ಮಾಡುವುದಿಲ್ಲ. ದೃಶ್ಯದ ಹಾಳೆ ಬೆಳಗ್ಗೆ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಬರುತ್ತದೆ, ಮಧ್ಯಾಹ್ನದೊಳಗೆ ಏಳು ದೃಶ್ಯ ಮುಗಿಯಬೇಕು. ಹಾಗಾಗಿ ಕ್ಯಾಮೆರಾದ ಹಿಂದೆ ಒಬ್ಬ ಸಹನಿರ್ದೇಶಕ ನಿಂತು ಒಂದೊಂದೇ ಸಾಲು ಓದುತ್ತಾನೆ, ನಟರು ಅದನ್ನು ಕೇಳಿ ಭಾವ ತುಂಬಿ ಹೇಳುತ್ತಾರೆ. ಅವನ ದನಿಯನ್ನು ಆಮೇಲೆ ಅಳಿಸುತ್ತಾರೆ. ನಮ್ಮ ನಟರಿಗೆ ಸಿಕ್ಕವನಿಗೆ ಐವತ್ತೈದು ವಯಸ್ಸು, ವರ್ಷವಿಡೀ ನೆಗಡಿ. ಗಲ್ಲು ಶಿಕ್ಷೆಯನ್ನೂ ರೈಲಿನ ವೇಳಾಪಟ್ಟಿಯ ಹಾಗೆ ಓದುವವನು.

ಅವನು ಓದಿ ಮುಗಿಸುವುದಕ್ಕೂ ಇವರು ಬಾಯಿ ತೆರೆಯುವುದಕ್ಕೂ ನಡುವೆ ಎರಡು ಸೆಕೆಂಡು. ಬೇರೆ ನಟರ ಮುಖದಲ್ಲಿ ಆ ಎರಡು ಸೆಕೆಂಡು ಬಸ್ಸಿಗೆ ಕಾಯುವವರ ಮುಖದಂತೆ ಕಾಣುತ್ತದೆ. ಇವರ ಮುಖದಲ್ಲಿ ಅದು ವಿವೇಕವಾಯಿತು. ಕನ್ನಡಕ ತುಸು ಇಳಿಸಿ, ಎದುರಿನವರನ್ನು ನೋಡಿ, ಏನನ್ನೋ ತೂಗಿದಂತೆ ತಡೆದು, ಆಮೇಲೆ ಮಾತು. ಜನ ಮೆಚ್ಚಿಕೊಂಡರು. ಒಬ್ಬ ವಿಮರ್ಶಕ "ಇವರ ಮೌನವೇ ಇವರ ಅಭಿನಯ" ಅಂತ ಬರೆದ. ಅದಕ್ಕೊಂದು ಪ್ರಶಸ್ತಿಯೂ ಬಂತು.

ಪ್ರಶಸ್ತಿ ತೆಗೆದುಕೊಂಡು ಮೈಕಿನ ಮುಂದೆ ನಿಂತಾಗಲೂ ಅವರು ಎರಡು ಸೆಕೆಂಡು ತಡೆದರು. ಯಾರೂ ಹೇಳಿಕೊಡಲಿಲ್ಲ. "ಎಲ್ಲರಿಗೂ ನಮಸ್ಕಾರ" ಅಂದು ಇಳಿದರು. ಅದಕ್ಕೂ ಚಪ್ಪಾಳೆ.

೪

ನಿರ್ದೇಶಕಿ ಬರುವುದು ಇಲ್ಲಿ, ಅವರ ಮನೆಗೇ. ಮೂವತ್ತೆರಡು ವರ್ಷ, ಹೆಗಲಿಗೆ ಬಟ್ಟೆಯ ಚೀಲ, ಕೈಯಲ್ಲಿ ಮೂವತ್ತೆಂಟು ಪುಟದ ನಾಟಕ. ಒಬ್ಬನೇ ಪಾತ್ರಧಾರಿ, ಐವತ್ತು ನಿಮಿಷ. ವರ್ಷಗಟ್ಟಲೆ ಮಾತು ಬಿಟ್ಟಿದ್ದ ತಮ್ಮನ ಮನೆಗೆ ಬಂದ ಅಣ್ಣ, ತಮ್ಮ ಬಾಗಿಲು ತೆಗೆಯದಿದ್ದಾಗ ಮುಚ್ಚಿದ ಬಾಗಿಲಿಗೇ ಮಾತಾಡುತ್ತಾನೆ. ಅಷ್ಟೆ.

"ಬೇರೆ ಯಾರೂ ಬೇಡ ಸರ್ ನನಗೆ. ಮಾತಿಗೆ ಮುಂಚೆ ತಡೀತೀರಲ್ಲ, ನಿಮ್ಮ ಆ ಪಾಝ್, ಅದು ಬೇಕು."

"ಮೇಜು ಇರುತ್ತಾ?"

"ಇಲ್ಲ ಸರ್. ಒಂದು ಕುರ್ಚಿ."

"ಕೈಯಲ್ಲಿ ಫೈಲು, ಪೇಪರ್ ಏನಾದ್ರೂ?"

"ಏನೂ ಇಲ್ಲ. ಖಾಲಿ ಕೈ."

ಎರಡು ಸೆಕೆಂಡು ತಡೆದು ಅವರು ಒಪ್ಪಿದರು. ಅವಳ ಕಣ್ಣು ಅರಳಿತು.

(ಯಾಕೆ ಒಪ್ಪಿದರು? ಅವರ ಮನಸ್ಸಿನೊಳಗೆ ಹೊಕ್ಕು ಅರ್ಧ ಪುಟ ಬರೆದಿದ್ದೆ. ನಲವತ್ತೆರಡು ವರ್ಷದಲ್ಲಿ ಅವರಿಗಾಗಿ ಯಾರೂ ಮನೆಯವರೆಗೆ ಬಂದಿರಲಿಲ್ಲ ಅನ್ನುವ ಒಂದು ಸಾಲು ಸಾಕು. ಉಳಿದದ್ದು ಹೊಡೆದು ಹಾಕಿದೆ.)

೫

ಮೂರು ವಾರದಲ್ಲಿ ಹನ್ನೊಂದು ಪುಟ ಬಾಯಿಗೆ ಬಂದಿತ್ತು, ಹನ್ನೆರಡನೆಯದು ಬರಲಿಲ್ಲ. ಅಣ್ಣ ತಾನು ಯಾಕೆ ಬಂದೆ ಅಂತ ಬಾಗಿಲಿಗೆ ಹೇಳುವುದು ಆ ಪುಟದಲ್ಲಿ. ಹೆಂಡತಿ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಪುಟವನ್ನು ಡಬ್ಬಿಗೆ ಒರಗಿಸಿಟ್ಟು ಓದಿಸುತ್ತಿದ್ದರು. ಮೊದಲ ಪದ ಕೊಟ್ಟರೆ ಸಾಲು ಹರಿದು ಬರುತ್ತಿತ್ತು. ಕೊಡದಿದ್ದರೆ ಇಲ್ಲ.

"ರೀ, ಒಂದು ಹೇಳ್ಲಾ? ಬೇಜಾರು ಮಾಡ್ಕೋಬೇಡಿ."

"ಹೇಳು."

"ನೀವು ಮನೇಲೂ ಹಾಗೇ. 'ಹಸಿವಾಯ್ತಾ?' ಅಂತ ನಾನು ಕೇಳಿದ್ರೆ 'ಹಸಿವಾಯ್ತು'. ಕೇಳ್ದೇ ಇದ್ರೆ ಸುಮ್ನೆ ಕೂತಿರ್ತೀರಿ. ಮಗಳು ಫೋನ್ ಮಾಡಿದ್ರೆ, 'ಹುಷಾರಾಗಿದ್ದೀಯಾ ಅಂತ ಕೇಳಿ' ಅಂತ ನಾನು ಹೇಳಿದ್ಮೇಲೆ ತಾನೇ ಕೇಳೋದು."

"ಎಷ್ಟು ವರ್ಷದಿಂದ?"

"ಹೆಂಗೆ ಹೇಳೋದು. ಕೂದಲು ನೆರೆಯೋ ಹಾಗೆ. ಯಾವತ್ತು ಶುರುವಾಯ್ತು ಅಂತ ಯಾರು ನೋಡಿರ್ತಾರೆ." ತಟ್ಟೆಯನ್ನು ಕಪಾಟಿಗಿಟ್ಟರು. "ಆಗಲ್ಲ ಅಂದ್ರೆ ಆಗಲ್ಲ ಅಂತ ಹೇಳ್ಬಿಡಿ. ಆ ಹುಡುಗಿ ಬೇರೆಯವರನ್ನ ನೋಡ್ಕೊಳ್ಳಲಿ."

"ಬೇರೆಯವರಿಗೆ ಕೊಟ್ರೆ, ಇನ್ನು ನನಗೆ ಯಾರು ಕೊಡ್ತಾರೆ?"

ಇದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ. ಹೆಂಡತಿ ಒರೆಸುವುದನ್ನು ನಿಲ್ಲಿಸಿ ಅವರ ಮುಖ ನೋಡಿದರು.

೬

ಇಲ್ಲಿ ನಾನು ಅವರಿಗೆ ಮರೆವಿನ ಕಾಯಿಲೆ ಕೊಟ್ಟೆ. ಆಸ್ಪತ್ರೆಯ ಕಾರಿಡಾರು, ಸ್ಕ್ಯಾನು, ಬಿಳಿ ಕೋಟಿನ ಡಾಕ್ಟರಿಗೆ ಇವರೇ ಒಂದು ಕಾಲದಲ್ಲಿ ಡಾಕ್ಟರಾಗಿ ಹೇಳಿದ ಡೈಲಾಗು ನೆನಪಾಗುವುದು. ಓದುಗರು ಕರಗುತ್ತಿದ್ದರು.

"ನನಗೇನೂ ಆಗಿಲ್ಲ" ಅಂದರು ನಟರು. "ಮೊದಲ ಮನೆ ಫೋನ್ ನಂಬರ್ ಹೇಳ್ಲಾ? ಎರಡನೇ ಮಂತ್ರಿ ಡೈಲಾಗ್ ಹೇಳ್ಲಾ? ಕಾಯಿಲೆ ಅಂದ್ರೆ ನಿಮಗೂ ಸುಲಭ, ನನಗೂ ಸುಲಭ. ತೆಗೀರಿ ಅದನ್ನ."

ತೆಗೆದೆ.

೬, ಮತ್ತೊಮ್ಮೆ

ಹಾಗಾದರೆ ಒಂದು ಪಾಪ ಮಾಡಿಸೋಣ ಅಂದುಕೊಂಡೆ. ಯೌವನದಲ್ಲಿ, ಮಾತು ಮರೆತ ಹಿರಿಯ ನಟನೊಬ್ಬನಿಗೆ ಇವರು ಬೇಕೆಂದೇ ಗಟ್ಟಿಯಾಗಿ ಸಾಲು ಹೇಳಿಕೊಟ್ಟರು, ಸಭೆ ನಕ್ಕಿತು, ಆ ಹಿರಿಯ ಮತ್ತೆ ರಂಗಕ್ಕೆ ಬರಲಿಲ್ಲ. ಮಾಡಿದ್ದುಣ್ಣೋ ಮಹರಾಯ.

"ಅಂಥದ್ದೇನೂ ನಡೆದಿಲ್ಲ. ನಾನು ಯಾರನ್ನೂ ಆಡಿಕೊಂಡವನಲ್ಲ. ಟೀವಿಯಲ್ಲಿ ಕೆಲಸ ಸಿಕ್ತು, ಹೋದೆ. ಅಲ್ಲಿ ಹೇಳಿಕೊಡ್ತಿದ್ರು, ಹೇಳ್ತಿದ್ದೆ. ಅಷ್ಟಕ್ಕೇ ಹೀಗಾಯ್ತು. ಅಷ್ಟಕ್ಕೇ ಆಗುತ್ತೆ ಅಂತ ಬರೆಯೋಕೆ ನಿಮಗೇನು ಕಷ್ಟ?"

ಕಷ್ಟವೇ. ಆದರೂ ಬರೆದಿದ್ದೇನೆ.

"ಇನ್ನೊಂದು" ಅಂದರು. "ನೀವೂ ಅದೇ ಕೆಲಸ ಮಾಡ್ತಿದ್ದೀರಿ. ನೀವು ಹೇಳಿಕೊಡ್ತೀರಿ, ನಾನು ಹೇಳ್ತೀನಿ. ನಿಮಗೆ ನೆಗಡಿ ಒಂದಿಲ್ಲ, ಅಷ್ಟೆ ವ್ಯತ್ಯಾಸ."

(ಈ ಸಾಲನ್ನೂ ನಾನೇ ಬರೆದದ್ದು ಅನ್ನುತ್ತೀರಿ. ಗೊತ್ತು. ಆದರೂ ಚುಚ್ಚಿತು.)

೭

ತಾಲೀಮಿನ ಜಾಗ ಮುಚ್ಚಿಹೋದ ಟೈಪಿಂಗ್ ಶಾಲೆಯ ಮೇಲ್ಮಹಡಿ. ಗೋಡೆಯ ಮೇಲೆ ಬೆರಳು ಎಲ್ಲಿಡಬೇಕು ಅನ್ನುವ ನಕ್ಷೆ ಇನ್ನೂ ಇದೆ. ಅವತ್ತು ಮೊದಲ ಸಲ ಪುಸ್ತಕ ಇಲ್ಲದೆ ಪೂರ್ತಿ ನಾಟಕ. ಹನ್ನೊಂದು ಪುಟ ಮುಗಿಯಿತು. ಅವರು ತಡೆದರು.

ಎರಡು ಸೆಕೆಂಡು. ಹತ್ತು. ನಲವತ್ತು. ಬಾಗಿಲು ಅಂದುಕೊಳ್ಳಬೇಕಾದ ಜಾಗವನ್ನು ನೋಡುತ್ತಲೇ ಇದ್ದರು. ಕೆಳಗೆ ಯಾರೋ ಸ್ಕೂಟರಿಗೆ ಒದೆಯುತ್ತಿದ್ದರು, ಅದು ಸ್ಟಾರ್ಟ್ ಆಗಲಿಲ್ಲ.

ನಿರ್ದೇಶಕಿ ಚೀಲದಿಂದ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡಳು. "ಇಲ್ಲಿಗೆ ಸಾಕು ಸರ್. ಇವತ್ತು ಮುಂದಕ್ಕೆ ಬೇಡ. ಆ ಮೌನಾನ ಹಾಳು ಮಾಡೋದು ಬೇಡ."

ಅವರು ಮೆಟ್ಟಿಲು ಇಳಿದು ಬಸ್ಸು ಹತ್ತಿದರು. ಹೇಳಬೇಕಿತ್ತು. ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಮರೆತಷ್ಟೂ ಅವಳು ಮೆಚ್ಚುತ್ತಿದ್ದಳು.

೮

ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ಹೇಳಿದರು. ಅವಳು ಕುರ್ಚಿಯ ಕಾಲಿಗೆ ರಬ್ಬರು ಸಿಕ್ಕಿಸುತ್ತ ನೆಲದ ಮೇಲೆ ಕೂತಿದ್ದಳು.

"ಅವತ್ತು ತಡೆದೆನಲ್ಲಮ್ಮ. ಅದು ಅಭಿನಯ ಅಲ್ಲ."

"ಮತ್ತೆ?"

"ಮಾತು ಬರ್ಲಿಲ್ಲ. ಸ್ಕೂಟರ್ ಶಬ್ದ ಕೇಳ್ತಾ ನಿಂತಿದ್ದೆ."

ಅವಳು ರಬ್ಬರು ಕೆಳಗಿಟ್ಟಳು. "ಸರ್, ಅವತ್ತು ನಾನು ಅತ್ತಿದ್ದೆ."

"ನೋಡ್ದೆ. ಅದಕ್ಕೇ ಹೇಳೋಕಾಗ್ಲಿಲ್ಲ."

"ಟೀವಿಯಲ್ಲಿ ಮಾಡೋದು?"

"ಅದೂ ಅಷ್ಟೆ. ಕೇಳಿಸಿಕೊಳ್ಳೋದು."

ಅವಳು ರಬ್ಬರನ್ನು ಮತ್ತೆ ಎತ್ತಿಕೊಂಡು ಕುರ್ಚಿಯ ಕಾಲಿಗೆ ತುರುಕಿದಳು. ಸಿಟ್ಟು ಬಂದಿತ್ತು. ಅವರ ಮೇಲೋ, ತನ್ನ ಕರವಸ್ತ್ರದ ಮೇಲೋ ಗೊತ್ತಾಗಲಿಲ್ಲ. ಕೊನೆಗೆ ಬರೀ ಕೆಲಸದ ಮಾತಿನ ದನಿಯಲ್ಲಿ ಹೇಳಿದಳು: "ಕಿವಿಯೊಳಗೆ ಇಡೋ ಸ್ಪೀಕರ್ ಸಿಗುತ್ತೆ. ಬಟಾಣಿಯಷ್ಟಿರುತ್ತೆ, ಯಾರಿಗೂ ಕಾಣಲ್ಲ. ನಾನು ಪಕ್ಕದಿಂದ ಓದ್ತೀನಿ."

"ಅದು ಹಾಕಿದ್ರೆ ಏನೂ ತೊಂದ್ರೆ ಆಗಲ್ಲ" ಅಂದರು. "ಅದಕ್ಕೇ ಹೆದರಿಕೆ."

"ಹಾಕದಿದ್ರೆ?"

"ಹಾಕದಿದ್ರೆ ನನಗಿಂತ ಜಾಸ್ತಿ ನಿನಗೆ ತೊಂದ್ರೆ. ನನಗೆ ಕೋಟು ಇದೆ, ಕರೀತಾರೆ. ನಿನ್ನದು ಮೊದಲನೇ ನಾಟಕ. ನೀನೇ ಹೇಳಮ್ಮ."

"ಇದನ್ನೂ ನಾನೇ ಹೇಳಿಕೊಡಬೇಕಾ ಸರ್?" ಅಂದಳು.

೯

ಅಂತ್ಯಗಳು ನನ್ನ ಹತ್ತಿರ ಮೂರಿದ್ದವು.

ಮೊದಲನೆಯದು: ಯಂತ್ರವಿಲ್ಲದೆ ರಂಗಕ್ಕೆ ಹೋಗಿ, ಹನ್ನೆರಡನೇ ಪುಟದಲ್ಲಿ ತಡೆದು, ಆಮೇಲೆ ಮೂವತ್ತೆಂಟನೆಯವರೆಗೆ ಒಂದು ಅಕ್ಷರ ತಪ್ಪದೆ ಹೇಳುತ್ತಾರೆ. ಸಭೆ ಎದ್ದು ನಿಲ್ಲುತ್ತದೆ. ನಟರು ಓದಿ, "ಇದು ಸೀರಿಯಲ್ಲು" ಅಂದರು.

ಎರಡನೆಯದು: ಮೂರನೇ ಸಾಲಿನಲ್ಲಿ ಕೂತ ಹೆಂಡತಿ ಮೊದಲ ಪದವನ್ನು ಗಟ್ಟಿಯಾಗಿ ಹೇಳುತ್ತಾರೆ, ಸಭೆಗೆ ಅದೂ ನಾಟಕದ ಭಾಗ ಅನ್ನಿಸುತ್ತದೆ. ಇದನ್ನು ಹೆಂಡತಿಯೇ ಒಪ್ಪಲಿಲ್ಲ. "ನನಗೆ ಪೂರ್ತಿ ಪಾಠ ಆಗಿದೆ, ನಿಜ. ಆದ್ರೆ ನಾನು ಬಾಯಿ ಮುಚ್ಕೊಂಡು ಕೂರ್ತೀನಿ. ಮನೇಲಿ ಹೇಳಿಕೊಟ್ಟು ಹೇಳಿಕೊಟ್ಟು ನಾನೇ ಅರ್ಧ ಕೆಡಿಸಿದ್ದೀನಿ."

ಮೂರನೆಯದರಲ್ಲಿ ಯಂತ್ರದ ಬ್ಯಾಟರಿ ಸಾಯುತ್ತದೆ. ಇದನ್ನು ಯಾರಿಗೂ ತೋರಿಸಲಿಲ್ಲ. ನನಗೇ ನಾಚಿಕೆಯಾಯಿತು.

೧೦

ಸಂಜೆ ಆರೂವರೆ. ಇನ್ನೂರು ಕುರ್ಚಿಯ ಸಭಾಂಗಣದಲ್ಲಿ ನೂರಾ ಹತ್ತು ಜನ, ಅವರಲ್ಲಿ ಕ್ಷೌರಿಕ ಮತ್ತು ಅವನ ಮನೆಯವರೂ ಇದ್ದಾರೆ. ನಟರು ಬಟಾಣಿಯಂಥ ಯಂತ್ರವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ ನಿರ್ದೇಶಕಿಗೆ ವಾಪಸು ಕೊಟ್ಟರು.

"ನೀನು ಪಕ್ಕದಲ್ಲಿ ನಿಲ್ಲಬೇಡ. ನಿಂತ್ರೆ ನಿನ್ನ ಬಾಯಿ ನೋಡ್ತೀನಿ. ಕೆಳಗೆ ಹೋಗಿ ನನ್ನ ಹೆಂಡತಿ ಪಕ್ಕ ಕೂತ್ಕೋ."

ಆಮೇಲೆ ನನ್ನ ಕಡೆ ತಿರುಗಿದರು. "ನೀವೂ."

ಹಾಗಾಗಿ ನಾನೂ ಕೆಳಗೇ ಇದ್ದೇನೆ. ಇಲ್ಲಿಂದ ಕಾಣುವಷ್ಟನ್ನು ಮಾತ್ರ ಹೇಳಬಲ್ಲೆ. ಅವರು ಬಂದು ಕುರ್ಚಿಯಲ್ಲಿ ಕೂರುವ ಮೊದಲು ಅದನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು. ತಾಲೀಮಿನಲ್ಲಿ ಹಾಗೆ ಮಾಡಿರಲಿಲ್ಲ. ಹನ್ನೊಂದು ಪುಟ ನೀರು ಕುಡಿದಷ್ಟು ಸಲೀಸಾಗಿ ಹೋಯಿತು. ಎರಡು ಕಡೆ ಜನ ನಕ್ಕರು, ಒಂದು ಕಡೆ ನಗಬಾರದಿತ್ತು.

ತಡೆದರು.

ಮುಂದಿನ ಸಾಲು ನನ್ನ ಹತ್ತಿರ ಇದೆ. ಆರು ಪದ. ಇಲ್ಲಿ ಬರೆದುಬಿಟ್ಟರೆ ಅವರು ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ಹೆಂಡತಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಾರೆ. ಹಿಂದಿನ ಸಾಲಿನಲ್ಲಿ ಒಬ್ಬ ಪಕ್ಕದವನಿಗೆ "ನೋಡು, ಇದೇ ಇವರ ಸ್ಪೆಷಾಲಿಟಿ" ಅಂತ ಪಿಸುಗುಟ್ಟಿದ. ಒಂದು ನಿಮಿಷವಾಯಿತು. ಮೆಚ್ಚಿಕೊಂಡು ಕೂತಿದ್ದವರು ಕುರ್ಚಿಯಲ್ಲಿ ಮಿಸುಕಾಡತೊಡಗಿದರು. ಅಭಿನಯ ಇಷ್ಟು ಹೊತ್ತು ಇರುವುದಿಲ್ಲ ಅಂತ ಎಂಥವರಿಗೂ ಗೊತ್ತಾಗುವ ಹೊತ್ತೊಂದಿದೆ, ಅದೂ ದಾಟಿತು.

ಅವರು ಮಾತಾಡಿದರು.

ಅದು ಹನ್ನೆರಡನೇ ಪುಟದಲ್ಲಿ ಇರಲಿಲ್ಲ. ಮೂವತ್ತೆಂಟರಲ್ಲಿ ಯಾವ ಪುಟದಲ್ಲೂ ಇರಲಿಲ್ಲ. ನನ್ನ ಬಳಿಯೂ ಇರಲಿಲ್ಲ, ಹಾಗಾಗಿ ಇಲ್ಲಿ ಬರೆಯುವುದಕ್ಕೆ ಆಗುವುದಿಲ್ಲ. ಬಾಗಿಲಿಗೆ ಹೇಳಿದ್ದಂತೂ ಹೌದು. ಚೆನ್ನಾಗಿತ್ತೇ ಅಂತ ಕೇಳಬೇಡಿ. ಒಂದು ವಾಕ್ಯ ಅರ್ಧಕ್ಕೇ ನಿಂತಿತು, ಇನ್ನೊಂದನ್ನು ಎರಡು ಸಲ ಹೇಳಿದರು, ದನಿ ಸಭಾಂಗಣದ ಹಿಂಬದಿಗೆ ತಲುಪಿತೋ ಇಲ್ಲವೋ.

ನಿರ್ದೇಶಕಿ ತೊಡೆಯ ಮೇಲಿನ ಪುಟಗಳನ್ನು ಮುಂದಕ್ಕೂ ಹಿಂದಕ್ಕೂ ಮಗುಚಿ ಹುಡುಕಿದಳು. ಆಮೇಲೆ ದೀಪ ಆರಿಸಲು ಸನ್ನೆ ಮಾಡುವವಳಂತೆ ಕೈ ಎತ್ತಿ ಅರ್ಧ ಎದ್ದಳು. ಹೆಂಡತಿ ಅವಳ ತೋಳು ಹಿಡಿದು ಕೆಳಕ್ಕೆ ಎಳೆದರು.

"ಕೂತ್ಕೊಳಮ್ಮ" ಅಂದರು. "ಅವರು ಇನ್ನೂ ಹೇಳ್ತಿದ್ದಾರೆ."