ಏರು ಮುಗಿದ ಮೇಲೆ

ಮಳೆ ನಿಂತ ಮುಂಜಾವು... ಶ್ಯಾಮಲಗಿರಿಯ ಮೈಯಿಂದ ಮಂಜು, ನಿದ್ರಾಲೋಲೆಯ ಹೆಗಲಿನಿಂದ ಸೆರಗು ಜಾರುವಂತೆ, ಮೆಲ್ಲಮೆಲ್ಲನೆ ಜಾರುತ್ತಿತ್ತು! ಬೆಟ್ಟವನ್ನು ಸುತ್ತಿ ಸುತ್ತಿ ಏರುವ ಹಳೆಯ ರೈಲುಹಾದಿಯು ಅರುಣಕಿರಣಗಳ ಸ್ಪರ್ಶದಲ್ಲಿ, ಯಾರೋ ಭಕ್ತನು ಪರ್ವತರಾಜನ ಕೊರಳಿಗೆ ತೊಡಿಸಿದ ಬೆಳ್ಳಿಯ ಸರದಂತೆ ಹೊಳೆಯುತ್ತಿತ್ತು. ಸಹೃದಯ ಓದುಗರೇ, ಹಾದಿಯ ಪಕ್ಕದಲ್ಲಿ ತೋಳು ಚಾಚಿ ಏರಿಳಿತ ತೋರಿಸುವ ಆ ಬಿಳಿಯ ಹಲಗೆಗಳನ್ನು ನೋಡಿರಿ! ನಲವತ್ತು ಅಡಿ ಸಾಗಿದರೆ ಒಂದಡಿ ಏರು ಎನ್ನುತ್ತದೆ ಒಂದು. ಶಿಖರದ ಹಲಗೆಯದಾದರೋ ತೋಳುಗಳೆರಡೂ ಇಳಿಮುಖ, ಬಂದವರನ್ನೂ ಹೋಗುವವರನ್ನೂ ಹರಸುವ ಹಿರಿಯರಂತೆ.

ಇಂಥ ಏರನ್ನು ಒಂದೇ ಎಂಜಿನ್ನು ಹತ್ತಲಾರದು. ಹಿಂದಿನಿಂದ ಇನ್ನೊಂದು ಎಂಜಿನ್ನು, ಕೊಂಡಿಯಿಲ್ಲದೆ, ಬರಿಯ ಮೈಯೊತ್ತಿ ತಳ್ಳುತ್ತದೆ. ಶಿಖರದ ಹಲಗೆ ಬಂದೊಡನೆ ನಿಂತು, ಒಂದು ಸಿಳ್ಳೆಯಿಂದ ರೈಲನ್ನು ಬೀಳ್ಕೊಟ್ಟು, ಒಂಟಿಯಾಗಿ ಕೆಳಗಿಳಿಯುತ್ತದೆ. ಅದರ ಚಾಲಕನಿಗೆ ಎಲ್ಲರ ಬಾಯಲ್ಲೂ ತಳ್ಳಣ್ಣನೆಂದೇ ಹೆಸರು. ಹಲಗೆಯಿಂದ ತುಸು ಆಚೆ, ಸಿಗ್ನಲ್ ಕ್ಯಾಬಿನ್ನಿನ ಕಿಟಕಿಯಲ್ಲಿ ಹಸಿರು ಬಾವುಟ ಹಿಡಿದು ನಿಲ್ಲುವವಳನ್ನು ಅವನು ವರ್ಷಗಳಿಂದ ಕಂಡಿದ್ದ. ಒಂದೆರಡು ಸಲ ಎಂಜಿನ್ನಿಳಿದು ಅವಳ ಮೆಟ್ಟಿಲ ತನಕ ನಡೆದು ಹೋಗಿ, ಮಳೆಬಿಸಿಲಿನ ಮಾತಾಡಿ ಮರಳಿದ್ದೂ ಉಂಟು. ಮನದ ಮಾತು ಮಾತ್ರ ಗಂಟಲಿನ ಏರನ್ನು ಹತ್ತಲೇ ಇಲ್ಲ!

ಇಂದು ಕೊನೆಯ ಏರು. ನಾಳೆಯಿಂದ ರೈಲುಗಳಿಗೆ ಬೆಟ್ಟದ ಬುಡದ ಸುರಂಗದಲ್ಲಿ ಸಮತಟ್ಟಾದ ಹೊಸ ಹಾದಿ. ಅವನಿಗೆ ದೂರದ ಬಯಲೂರಿಗೆ ವರ್ಗ. ಇಂದು ಹೇಳದಿದ್ದರೆ ಇನ್ನೆಂದೂ ಇಲ್ಲ...

ಶಿಖರದ ಹಲಗೆ ಬಂತು. ಕಿಟಕಿಯಲ್ಲಿ ಅವಳು! ಎಳಬಿಸಿಲು ಅವಳ ಹಣೆಯನ್ನು ದೀಪದಂತೆ ಬೆಳಗಿತ್ತು. ತಳ್ಳಣ್ಣ ಹಲಗೆಯನ್ನು ಮರೆತ, ಸಿಳ್ಳೆಯನ್ನು ಮರೆತ. ಅವನ ಎಂಜಿನ್ನು ಶಿಖರವನ್ನು ದಾಟಿ ಇಳಿಜಾರಿನಲ್ಲೂ ರೈಲನ್ನು ತಳ್ಳಿತು! ಮುಂದಿನ ಎಂಜಿನ್ನು ಚೀರಿತು, ಬ್ರೇಕುಗಳು ನರಳಿದವು. ಎಲ್ಲವೂ ನಿಂತಾಗ ಅವನಿದ್ದದ್ದು ಅವಳ ಕಿಟಕಿಯ ಕೆಳಗೆ.

ಮುಂದಿನ ಎಂಜಿನ್ನಿನ ಚಾಲಕ ಅವಳ ಸೋದರಮಾವ. ಹಳಿಯಗುಂಟ ಏದುಸಿರು ಬಿಡುತ್ತ ಬಂದ.

"ಏನಯ್ಯಾ, ಇಳಿಜಾರಲ್ಲೂ ತಳ್ತೀಯಾ? ನನ್ನನ್ನ ಕಣಿವೆಗೆ ಹಾಕ್ಬೇಕು ಅಂತಿದೀಯೇನು?"

"ತಪ್ಪಾಯ್ತು ಮಾವ..."

"ಮಾವನಾ! ನಿನ್ನೆ ತನಕ ಯಜಮಾನ್ರೇ ಅಂತಿದ್ದೆಯಲ್ಲೋ?"

ಅಷ್ಟರಲ್ಲಿ ಅವಳು ಮೆಟ್ಟಿಲಿಳಿದು ಬಂದಿದ್ದಳು.

"ಹಲಗೆ ಕಾಣಲಿಲ್ವಾ ನಿಮಗೆ? ಏನು ನೋಡ್ತಾ ಇದ್ರಿ?"

"ನಿಮ್ಮನ್ನ," ಎಂದ ಅವನು. ಒಂದು ಮಾತು ಹೊರಬಿದ್ದ ಮೇಲೆ ಮಿಕ್ಕವು ತಾವಾಗಿಯೇ ಇಳಿದು ಬಂದವು. "ನಾಳೆಯಿಂದ ನೋಡೋಕಾಗಲ್ವಲ್ಲ. ನನ್ನನ್ನ ಮದುವೆ ಆಗ್ತೀರಾ?"

ಅವಳು ಬಾವುಟದ ಅಂಚನ್ನು ಬೆರಳಿಗೆ ಸುತ್ತಿದಳು... ಬಿಚ್ಚಿದಳು.

"ನನ್ನ ಕ್ಯಾಬಿನ್ನಿಗೂ ನಾಳೆ ಬೀಗವೇ. ಇಷ್ಟು ದೂರ ಬರೋಕೆ ಇಷ್ಟು ವರ್ಷ ಬೇಕಾಯ್ತಾ?"

"ನನ್ನ ಎಂಜಿನ್ನು ಹಲಗೆ ದಾಟೋ ಹಾಗಿರಲಿಲ್ಲ."

"ಹೂಂ, ಬರ್ತೀನಿ. ಮನೇಲೂ ಹೀಗೇ ತಳ್ತಾ ಇರಬೇಡಿ ಮತ್ತೆ!"

ಮಾವ ಮೀಸೆಯಡಿ ನಕ್ಕ. "ರೈಲು ತುಂಬ ಜನ ಕಿಟಕೀಲಿ ಇಣುಕ್ತಾ ಇದಾರಮ್ಮ. ಬಾವುಟ ತೋರಿಸು ತಾಯಿ, ಹೊರಡ್ತೀನಿ."

ಅವಳ ಕೈಯಲ್ಲಿ ಹಸಿರು ಬಾವುಟ ಮೇಲೆದ್ದಿತು. ಮರೆತಿದ್ದ ಸಿಳ್ಳೆ ಆಗ ಮೊಳಗಿತು; ಬೆಟ್ಟಗಳು ಅದನ್ನು ಒಂದರಿಂದೊಂದು ಪಡೆದು, ಬಹಳ ಹೊತ್ತು ತಮ್ಮಲ್ಲೇ ಇಟ್ಟುಕೊಂಡವು...

ಭಗವಂತನು ಈ ಭೂಮಿಯನ್ನು ಏರಿಳಿತಗಳಲ್ಲಿ ಏಕೆ ಮಡಿಸಿಟ್ಟನೋ, ನಾವರಿಯೆವು. ಆದರೆ ಮನುಜಹೃದಯಕ್ಕೆ ಏರಿನ ಕೊನೆಯನ್ನು ಅಳೆಯುವ ವಿದ್ಯೆಯನ್ನು ಅವನು ಕಲಿಸಲಿಲ್ಲ. ಹಲಗೆಯನ್ನು ಮರೆತ ಆ ಒಂದು ಕ್ಷಣದಲ್ಲಿಯೇ ಒಲವು, ತಾನು ನಿಲ್ಲಬೇಕಾಗಿದ್ದ ಎಡೆಯನ್ನು ದಾಟಿ, ತಾನು ಸೇರಬೇಕಾಗಿದ್ದ ಎಡೆಯನ್ನು ಸೇರುತ್ತದೆ!