ಯಮನಪ್ಪನ ಖಾಲಿ ಬಂದೂಕು

ನಾನು ಒಂದು ಬಂದೂಕು. ಎರಡು ನಳಿಗೆಯದು. ಹೆಸರು ಕೇಳಿದ ಕೂಡಲೇ ಹಿಂದೆ ಸರಿಯಬೇಡಿ. ನನ್ನ ಹೊಟ್ಟೆಯಲ್ಲಿ ಈಗ ಒಂದು ಜೇಡನ ಸಂಸಾರ ಬಿಟ್ಟರೆ ಬೇರೆ ಏನೂ ಇಲ್ಲ.

ನಾನು ಹುಟ್ಟಿದ್ದು ಉತ್ತರದಲ್ಲಿ, ಗಂಗೆಯ ದಂಡೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ನಳಿಗೆ ಕೊರೆದವರು ಯಾರೋ, ಕೂಡಿಸಿದವರು ಯಾರೋ. ನನಗೆ ನೆನಪಿರುವುದು ಅಕ್ರೋಟು ಮರದ ನನ್ನ ಹಿಡಿಗೆ ಅಗಸೆ ಎಣ್ಣೆ ತಿಕ್ಕಿದ ಮುದುಕನ ಕೈ ಮಾತ್ರ. ಬಾಣಂತಿಯ ಮಗುವಿಗೆ ಎಣ್ಣೆ ತಿಕ್ಕುವ ಹಾಗೆ ತಿಕ್ಕಿದ. ಆಮೇಲೆ ಮರಳಿನ ಚೀಲಕ್ಕೆ ಗುಂಡು ಹಾರಿಸಿ ನನ್ನನ್ನು ಪರೀಕ್ಷೆ ಮಾಡಿದರು. ಅದೇ ನನ್ನ ಮೊದಲ ಅಳು. ಅಳು ಜೋರಾಗಿತ್ತು, ಆದ್ದರಿಂದ ಪಾಸಾದೆ.

ಅಲ್ಲಿಂದ ರೈಲು ಹತ್ತಿ ಬಂದದ್ದು ಬೆಳಗಾವಿ ಸೀಮೆಗೆ, ಒಬ್ಬ ದೇಸಾಯರ ಮನೆಗೆ. ಕಬ್ಬಿನ ಹೊಲಕ್ಕೆ ಹಂದಿ ಬರುತ್ತವೆ ಎಂದು ನನ್ನನ್ನು ತಂದರು. ಒಂದು ಸಲ ಹಂದಿಯ ಮೇಲೆ ಗುಂಡು ಹಾರಿಸಿಯೂ ಬಿಟ್ಟರು. ಗುಂಡು ಹಾರಿದ್ದು ನಿಜ, ಹಂದಿ ಸತ್ತದ್ದು ಸುಳ್ಳು. ಆದರೆ ಬಂದ ಬೀಗರ ಮುಂದೆಲ್ಲ ಆ ಹಂದಿ ವರ್ಷ ವರ್ಷ ದೊಡ್ಡದಾಗುತ್ತ ಹೋಯಿತು. ನಾನು ಗೋಡೆಯ ಮೇಲೆ ತೂಗಿಕೊಂಡು ಕೇಳುತ್ತಿದ್ದೆ, ಸುಳ್ಳಾದರೂ ಖುಷಿಯಾಗುತ್ತಿತ್ತು. ಆಯುಧಪೂಜೆಗೆ ಕುಂಕುಮ, ಚೆಂಡು ಹೂವು. ಚುನಾವಣೆ ಬಂದಾಗ ಮಾತ್ರ ಪೊಲೀಸ್ ಸ್ಟೇಷನ್ನಿನ ವಾಸ, ಏಕೆಂದರೆ ಮತದಾನ ಮುಗಿಯುವವರೆಗೆ ಲೈಸೆನ್ಸಿನ ಬಂದೂಕುಗಳನ್ನೆಲ್ಲ ಅಲ್ಲಿಯೇ ಒಪ್ಪಿಸಬೇಕು. ದೇಸಾಯರು ತೀರಿಕೊಂಡ ಮೇಲೆ ಅವರ ಮಗಳು ನನ್ನನ್ನು ಬಂದೂಕಿನ ಅಂಗಡಿಗೆ ಹಿಂತಿರುಗಿಸಿ ಕೈ ತೊಳೆದುಕೊಂಡಳು. ಅಕ್ಷರಶಃ ತೊಳೆದುಕೊಂಡಳು, ನಾನು ನೋಡಿದೆ.

ಆ ಅಂಗಡಿಗೆ ಒಂದು ದಿನ ಯಮನಪ್ಪ ಹವಾಲ್ದಾರ ಬಂದ.

ಹೆಸರು ಯಮನಪ್ಪ, ಆದರೆ ಇರುವೆಯ ಸಾಲು ಕಂಡರೆ ದಾಟಿ ಕಾಲಿಡುವ ಮನುಷ್ಯ. ಸೈನ್ಯದಿಂದ ನಿವೃತ್ತನಾಗಿ ಬೈಲಹೊಂಗಲ ಕಡೆಯ ತನ್ನ ಪೇಟೆ ಊರಿಗೆ ಬಂದಿದ್ದ. ಅಲ್ಲಿಯ ಸಹಕಾರಿ ಬ್ಯಾಂಕಿನವರಿಗೆ ಗನ್‌ಮ್ಯಾನ್ ಬೇಕಾಗಿದ್ದ. ಸ್ವಂತ ಬಂದೂಕು, ಸ್ವಂತ ಲೈಸೆನ್ಸು ಇದ್ದರೆ ಗನ್‌ಮ್ಯಾನ್. ಇಲ್ಲದಿದ್ದರೆ ಬರೀ ಕೋಲು ಹಿಡಿದ ಕಾವಲುಗಾರ. ಹೀಗೆ ಅವನ ಹೊಟ್ಟೆಪಾಡು ನನ್ನ ಹೆಗಲ ಮೇಲೆ ಬಿತ್ತು, ನಾನು ಅವನ ಹೆಗಲ ಮೇಲೆ ಏರಿದೆ.

ಕೆಲವೇ ದಿನಗಳಲ್ಲಿ ನನಗೆ ಅವನ ಒಳಗು ತಿಳಿಯಿತು. ಹೆಗಲ ಮೇಲೆ ಇರುವವರಿಗೆ ಮನುಷ್ಯನ ಎದೆಬಡಿತ ಕೇಳುತ್ತದೆ. ಕುಕ್ಕರಿನ ಸೀಟಿ ಹೊಡೆದರೆ ಅವನ ಮೈ ಬೆವರುತ್ತಿತ್ತು. ಎಲ್ಲಿ ಕೂತರೂ ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ದೀಪಾವಳಿ ಬಂತೆಂದರೆ ಊರ ಹೊರಗಿನ ಗುಡ್ಡ ಹತ್ತಿ ಕೂರುತ್ತಿದ್ದ, ಮಂದಿ ಅವನಿಗೆ ದೇವರ ಮೇಲೆ ಬಹಳ ಭಕ್ತಿ ಎಂದುಕೊಂಡರು. ನನಗೆ ಎಣ್ಣೆ ಹಚ್ಚುವಾಗ ಒಂದೇ ಒಂದು ಸಲ ತನ್ನ ಗೆಳೆಯನ ಮಾತು ತೆಗೆದ. ಗಡಿಯ ಹಿಮದಲ್ಲಿ ಅವನ ಪಕ್ಕದಲ್ಲೇ ಇದ್ದ ಬಲಬೀರ ಎಂಬವನು.

"ಏನೋ ನಗಚಾಟಿಕಿ ಹೇಳಾಕತ್ತಿದ್ದ. ಹೇಳಿ ಮುಗಸ್ಲಿಲ್ಲ" ಎಂದ. ಅಷ್ಟೇ. ಮತ್ತೆ ಬಟ್ಟೆ ತೊಗೊಂಡು ತಿಕ್ಕತೊಡಗಿದ.

ಅವನ ಹೆಂಡತಿ ಕಾಶವ್ವ ಗಟ್ಟಿಗಿತ್ತಿ. ಅವನಿಲ್ಲದ ವರ್ಷಗಳಲ್ಲಿ ಮನೆ ನಡೆಸಿದವಳು, ಅವನಿರುವ ವರ್ಷಗಳಲ್ಲಿ ಅವನನ್ನು ನಡೆಸುತ್ತಿದ್ದಳು. ಒಂದು ದಿನ ರೊಟ್ಟಿ ಬಡಿಯುತ್ತ ಹೇಳಿದಳು, "ರೀ, ಒಮ್ಮೆ ಡಾಕ್ಟರಿಗೆ ತೋರಸೂಣು. ಜಡ್ಡು ಅಂದ್ರ ಜಡ್ಡು. ಅದರಾಗೇನು ನಾಚಿಕಿ?"

"ಧಾರವಾಡಕ್ಕ?" ಎಂದ ಯಮನಪ್ಪ.

ಆ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡದಲ್ಲಿ ಪೇಢೆ ಇದೆ, ವಿದ್ಯೆ ಇದೆ, ಸಂಗೀತ ಇದೆ. ಆದರೆ ಅಲ್ಲಿ ಮನಸ್ಸಿನ ಕಾಯಿಲೆಯ ದೊಡ್ಡ ಆಸ್ಪತ್ರೆಯೂ ಇರುವುದರಿಂದ ಯಾರಾದರೂ ಸ್ವಲ್ಪ ಎಡವಟ್ಟು ಮಾತಾಡಿದರೆ ಸಾಕು, 'ಇವನ್ನ ಧಾರವಾಡಕ್ಕ ಕಳಸ್ರಿ' ಎಂದು ನಗುತ್ತಾರೆ.

"ಲೈಸೆನ್ಸು ಹೊಸದು ಮಾಡಸುವಾಗ ಮನಸು ನೆಟ್ಟಗೈತಿ ಅಂತ ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು. ಧಾರವಾಡದ ಚೀಟಿ ಬಂತಂದ್ರ ಲೈಸೆನ್ಸು ಹೋತು. ಲೈಸೆನ್ಸು ಹೋದ್ರ ಕೆಲಸ ಹೋತು. ಅದೂ ಇರ್ಲಿ, ಮಂದಿ ಏನಂದಾರು? ಹುಚ್ಚ ಯಮನಪ್ಪ ಅಂತಾರ."

ಕಾಶವ್ವ ರೊಟ್ಟಿ ಹೊರಳಿಸಿ ಹಾಕಿದಳು. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ.

ಆದರೆ ಮರುದಿನ ಬೆಳಿಗ್ಗೆ ಅವನು ಒಂದು ಕೆಲಸ ಮಾಡಿದ. ನನ್ನ ಹೊಟ್ಟೆಯಿಂದ ಎರಡೂ ಗುಂಡಿನ ತೋಟಾ ತೆಗೆದು, ಉಳಿದವುಗಳ ಡಬ್ಬಿಯನ್ನೂ ತಂದು ಕಾಶವ್ವನ ಉಡಿಗೆ ಹಾಕಿದ. "ಇವು ನಿನ್ನ ಹತ್ರ ಇರ್ಲಿ. ಎಲ್ಲಿ ಇಟ್ಟಿ ಅಂತ ನನಗ ಹೇಳಬ್ಯಾಡ. ನಾ ಕೇಳಿದ್ರೂ ಹೇಳಬ್ಯಾಡ" ಎಂದ. ಅವಳು ತೋಟಾಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಳಗೆ ಹೋದಳು. ಎಷ್ಟೋ ಮದುವೆಗಳಲ್ಲಿ ಅಕ್ಷತೆ ಬೀಳುವುದನ್ನು ದೇಸಾಯರ ಗೋಡೆಯಿಂದ ಕಂಡಿದ್ದೇನೆ. ಗಂಡ ಹೆಂಡಿರ ನಡುವೆ ಇದಕ್ಕಿಂತ ದೊಡ್ಡ ನಂಬಿಕೆಯನ್ನು ಕಂಡಿಲ್ಲ.

ಹೀಗೆ ನಾನು ಖಾಲಿ ಹೊಟ್ಟೆಯಲ್ಲಿ ಬ್ಯಾಂಕು ಕಾಯತೊಡಗಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದು ನನ್ನಂಥವರನ್ನು ನೋಡಿಯೇ ಇರಬೇಕು. ಮೊದಮೊದಲು ನನಗೆ ಅವಮಾನವಾಗುತ್ತಿತ್ತು. ಗುಂಡಿಲ್ಲದ ಬಂದೂಕಿಗಿಂತ ಒನಕೆ ಮೇಲು, ಭತ್ತವಾದರೂ ಕುಟ್ಟುತ್ತದೆ ಎಂದು ಒಳಗೊಳಗೇ ಗೊಣಗುತ್ತಿದ್ದೆ. ಆದರೆ ವರ್ಷಗಳು ಕಳೆದವು, ಒಬ್ಬ ಕಳ್ಳನೂ ಬರಲಿಲ್ಲ. ಬಾಗಿಲ ಹೊರಗೆ ಬಾಳೆಹಣ್ಣಿನ ಗಾಡಿ ನಿಲ್ಲಿಸುತ್ತಿದ್ದ ರಾಜೇಸಾಬ ದಿನಾ ಮಧ್ಯಾಹ್ನ ಒಂದು ಹಣ್ಣು ತಂದು ಯಮನಪ್ಪನ ಕೈಗಿಡುತ್ತಿದ್ದ. ಇಬ್ಬರೂ ಬೆಳೆ, ಬಿಸಿಲು, ಮೊಣಕಾಲು ನೋವು ಎಂದು ಮಾತಾಡುತ್ತಿದ್ದರು. ಯಮನಪ್ಪನನ್ನು ಯುದ್ಧದ ಬಗ್ಗೆ ಕೇಳದವನು ಊರಲ್ಲಿ ರಾಜೇಸಾಬನೊಬ್ಬನೇ. ಉಳಿದವರು ಆಗಸ್ಟ್ ಹದಿನೈದಕ್ಕೆ ಯಮನಪ್ಪನಿಗೆ ಹಾರ ಹಾಕಿ, ಫೋಟೋ ಹೊಡೆಸಿಕೊಂಡು, "ಎಷ್ಟ ಮಂದೀನ ಹೊಡದೀರಿ ಹವಾಲ್ದಾರ್ರ?" ಎಂದು ಕೇಳುತ್ತಿದ್ದರು. ಅವನು ನಗುತ್ತಿದ್ದ. ಆಗ ಅವನ ಎದೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದು ನನಗೆ ಗೊತ್ತು.

ಒಂದು ಶ್ರಾವಣದಲ್ಲಿ ಬ್ಯಾಂಕಿನ ಟಿವಿಯಲ್ಲಿ ದೂರದ ಯಾವುದೋ ಪಟ್ಟಣದ ಸುದ್ದಿ ಬಂತು. ಒಬ್ಬನು ಸಂತೆಯಲ್ಲಿ ಗುಂಡು ಹಾರಿಸಿ ಜನರನ್ನು ಕೊಂದಿದ್ದ. ಮಾಜಿ ಸೈನಿಕ, ತಲೆ ಕೆಟ್ಟವನು ಎಂದು ಟಿವಿ ಕಿರುಚಿತು. ಸತ್ತವರ ಹೆಸರು ಒಂದು ಸಲ ಬಂತು, ಕೊಂದವನ ಮುಖ ದಿನವಿಡೀ ಬಂತು. ಸರತಿಯಲ್ಲಿ ನಿಂತವರು ಪಂಚಾಯಿತಿ ಶುರು ಮಾಡಿದರು. ಒಬ್ಬ, ಬಂದೂಕನ್ನೆಲ್ಲ ಕಸಿದು ಹೊಳೆಗೆ ಹಾಕಬೇಕು ಎಂದ. ಇನ್ನೊಬ್ಬ, ಪ್ರತಿಯೊಬ್ಬರಿಗೂ ಒಂದೊಂದು ಕೊಡಬೇಕು, ಆಗ ಯಾರೂ ಹೊಡೆಯುವುದಿಲ್ಲ ಎಂದ. ಮೂರನೆಯವನು ದನಿ ತಗ್ಗಿಸಿ, "ಮಿಲ್ಟ್ರಿಯಾಗ ಇದ್ದವರ ತಲಿ ಹಂಗ ಇರತೈತಿ" ಎಂದು ನಮ್ಮ ಕಡೆ ನೋಡಿದ. ಮರುದಿನದಿಂದ ಸರತಿಯ ಸಾಲು ಯಮನಪ್ಪನ ಸ್ಟೂಲಿನ ಹತ್ತಿರ ಬಂದಾಗ ಸ್ವಲ್ಪ ಬಾಗಿ ಆಚೆ ಹೋಗತೊಡಗಿತು. ವರ್ಷ ವರ್ಷ ಹಾರ ಹಾಕುತ್ತಿದ್ದವರೇ. ನನಗೆ ಸಿಟ್ಟು ಬಂತು. ಅವನಿಗೆ ಸಿಟ್ಟೂ ಬರಲಿಲ್ಲ, ಅದೇ ನನಗೆ ಇನ್ನಷ್ಟು ಸಂಕಟ.

ಮುಂದೆ ಗಣಪತಿ ಹಬ್ಬ. ಗಣಪತಿ ಕಳಿಸುವ ಮೆರವಣಿಗೆ ಬ್ಯಾಂಕಿನ ಮುಂದೆ ಬಂದಾಗ ಯಾರೋ ಪಟಾಕಿಯ ಸರಕ್ಕೆ ಬೆಂಕಿ ಇಟ್ಟು ಬಾಗಿಲ ಮೆಟ್ಟಿಲ ಮೇಲೆ ಎಸೆದರು.

ಆಮೇಲೆ ಆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಯಮನಪ್ಪ ಪಿಂಚಣಿಗೆ ಬಂದ ಮುದುಕಿಯನ್ನು ಕೌಂಟರಿನ ಹಿಂದೆ ತಳ್ಳಿದ. ನಾನು ಅವನ ಭುಜಕ್ಕೆ ಏರಿದ್ದೆ. ಹೊಗೆಯ ನಡುವೆ ಬಾಗಿಲಲ್ಲಿ ಒಂದು ಮನುಷ್ಯಾಕೃತಿ ಕಂಡಿತು. ಯಮನಪ್ಪ ಟ್ರಿಗರ್ ಎಳೆದ.

ಟಿಕ್.

ಅಷ್ಟೇ ಸಪ್ಪಳ. ಹೊಗೆ ತಿಳಿಯಾಯಿತು. ಬಾಗಿಲಲ್ಲಿ ನಿಂತವನು ರಾಜೇಸಾಬ. ಪಟಾಕಿಗೆ ಬೆದರಿ ಒಳಗೆ ಓಡಿಬಂದಿದ್ದ. ಅವನ ಒಂದು ಕೈಯಲ್ಲಿ ಇನ್ನೂ ಬಾಳೆಹಣ್ಣಿತ್ತು. ನನ್ನ ನಳಿಗೆ ಅವನ ಎದೆಗೆ ನೆಟ್ಟಿತ್ತು. ಆ ಟಿಕ್ ಕೇಳಿದ್ದು ಮೂರೇ ಮಂದಿಗೆ: ಅವನಿಗೆ, ಯಮನಪ್ಪನಿಗೆ, ನನಗೆ. ನಾನು ಕಬ್ಬಿಣ, ನನಗೆ ನಡುಕ ಬರುವುದಿಲ್ಲ ಎಂದುಕೊಂಡಿದ್ದೆ. ಆ ದಿನ ಬಂತು.

ಜನ ದಂಗಾಗಿ ನಿಂತಿದ್ದರು. ಮ್ಯಾನೇಜರ್ ಇನಾಮದಾರ ಸಾಹೇಬರು ಬುದ್ಧಿವಂತರು. ಓಡಿ ಬಂದವರೇ ಚಪ್ಪಾಳೆ ತಟ್ಟಿ, "ಯಾರೂ ಹೆದರಬ್ಯಾಡ್ರಿ! ಇದು ಡ್ರಿಲ್ ಇತ್ರಿ, ಡ್ರಿಲ್! ದರೋಡಿ ಆದ್ರ ಏನ ಮಾಡಬೇಕಂತ ತೋರಿಸಿದ್ವಿ" ಎಂದರು. ಯಮನಪ್ಪನ ಕಿವಿಯಲ್ಲಿ, "ಹೂಂ ಅನ್ನು. ನಿನ್ನ ಕೆಲಸಾನೂ ಉಳೀತೈತಿ, ನನ್ನ ಮರ್ಯಾದಿನೂ ಉಳೀತೈತಿ" ಎಂದರು. ಜನರೂ ಚಪ್ಪಾಳೆ ತಟ್ಟಿದರು. ಯಾರೋ, "ಹವಾಲ್ದಾರ ಹುಲಿ ಅದಾನ!" ಎಂದು ಕೂಗಿದರು. ಒಂದು 'ಹೂಂ' ಎಂದಿದ್ದರೆ ಮುಗಿದಿತ್ತು.

ಯಮನಪ್ಪ ರಾಜೇಸಾಬನನ್ನು ನೋಡಿದ. ರಾಜೇಸಾಬ ನೆಲಕ್ಕೆ ಕುಸಿದು ಕೂತಿದ್ದ, ಚಪ್ಪಾಳೆ ತಟ್ಟಿರಲಿಲ್ಲ.

"ಡ್ರಿಲ್ ಅಲ್ರಿ" ಎಂದ ಯಮನಪ್ಪ. ಗುಂಡು ತುಂಬುವಾಗ ಮಾಡುವಂತೆ ನನ್ನನ್ನು ನಡುವೆ ಮಡಚಿ ತೆರೆದು, ಎರಡೂ ನಳಿಗೆ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. "ನಾ ಖರೇನ ಹೊಡದೀನಿ. ನನ್ನ ಹೆಂಡತಿ ತೋಟಾ ಮುಚ್ಚಿಟ್ಟಾಳ, ಅದಕ್ಕ ಇಂವ ಉಳದಾನ. ನನಗ ಆರಾಮಿಲ್ರಿ. ಭಾಳ ವರ್ಷ ಆತು."

ಆಮೇಲೆ ನಡೆದದ್ದು ತಮಾಷೆಯೇ ಸರಿ. ನಿನ್ನೆಯವರೆಗೆ ನನ್ನ ಹೊಟ್ಟೆ ತುಂಬಿದೆ ಎಂದು ಹೆದರಿದವರೇ ಇವತ್ತು ಖಾಲಿ ಇತ್ತೆಂದು ಬೈದರು. "ನಮ್ಮ ಠೇವಣಿ ಕಾಯಾಕ ಖಾಲಿ ಬಂದೂಕೇನ್ರಿ?" ಎಂದು ಮ್ಯಾನೇಜರರ ಮೇಲೆ ಏರಿ ಹೋದರು. ರಾಜೇಸಾಬ ಮಾತ್ರ ಎದ್ದು ಬಂದು ಯಮನಪ್ಪನ ಮುಂದೆ ನಿಂತ. "ನಾ ಕಂಪ್ಲೇಂಟ್ ಕೊಡೂದಿಲ್ರಿ. ಆದ್ರ ಇನ್ನ ಮ್ಯಾಲ ಇದನ್ನ ಹಿಡೀಬ್ಯಾಡ್ರಿ" ಎಂದ. ಹಣ್ಣು ಕೊಡಲಿಲ್ಲ. ಕೊಡಬೇಕೆಂದು ಯಮನಪ್ಪನೂ ಬಯಸಲಿಲ್ಲ.

ಮರುದಿನ ಬೆಳಿಗ್ಗೆಯೇ ಗಂಡ ಹೆಂಡತಿ ನನ್ನನ್ನು ಸ್ಟೇಷನ್ನಿಗೆ ತಂದರು. ಕಾಶವ್ವ ಸೆರಗಿನ ಗಂಟು ಬಿಚ್ಚಿ ತೋಟಾಗಳನ್ನು ಮೇಜಿನ ಮೇಲಿಟ್ಟಳು. ಅವುಗಳಿಗೆ ಮೆಣಸಿನಪುಡಿಯ ವಾಸನೆ ಹತ್ತಿತ್ತು. ಬಂದೂಕಿನ ಕೋಣೆಯ ಕೀಲಿ ಇರುವುದು ಹೆಡ್ ಕಾನ್‌ಸ್ಟೇಬಲ್ ಗುಳೇದನ ಹತ್ತಿರ. ಪ್ರತಿ ಚುನಾವಣೆಗೆ ನನ್ನನ್ನು ಒಳಗಿಡುವವನು, ಎಲ್ಲರ ಕಾಲೆಳೆಯುವವನು.

"ಎಲೆಕ್ಷನ್ ಇನ್ನ ದೂರ ಐತಿ, ಈಗ್ಯಾಕ ತಂದ್ರಿ ಹವಾಲ್ದಾರ್ರ?" ಎಂದು ನಕ್ಕ. "ಎಲ್ಲಿಗೆ, ಧಾರವಾಡಕ್ಕ ಹೊಂಟೀರೇನು?"

"ಹೌದ್ರಿ. ಏಳೂವರಿ ಬಸ್ಸಿಗೆ" ಎಂದ ಯಮನಪ್ಪ.

ಗುಳೇದನ ನಗು ಬಾಯಲ್ಲೇ ಉಳಿಯಿತು. ಸಾವಿರ ಸಲ ಹೇಳಿದ ಮಾತಿಗೆ ಉತ್ತರ ಬಂದದ್ದು ಅದೇ ಮೊದಲು. ನನ್ನನ್ನು ಎತ್ತಿಕೊಂಡು ಹೋಗಿ ಗೋಡೆಗೆ ಒರಗಿಸಿದ.

ಅಂದಿನಿಂದ ನಾನು ಇಲ್ಲೇ ಇದ್ದೇನೆ. ಬ್ಯಾಂಕಿನ ಕೆಲಸ ಹೋಯಿತೆಂದು, ಯಮನಪ್ಪ ಈಗ ಕಾಶವ್ವನ ಜೊತೆ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾನೆಂದು ಕಾನ್‌ಸ್ಟೇಬಲರ ಮಾತಿನಿಂದ ತಿಳಿಯಿತು. ಊರಿನವರು ಹುಚ್ಚ ಯಮನಪ್ಪ ಎಂದು ಕರೆದೂ ಕರೆದರು. ಆದರೆ ರೊಟ್ಟಿ ಚಲೋ ಇದೆಯಂತೆ, ತಿನ್ನುವುದನ್ನು ಬಿಟ್ಟಿಲ್ಲ.

ಗುಳೇದನ ಒಳಗೂ ನನಗೆ ಇಲ್ಲಿಯೇ ತಿಳಿದದ್ದು. ಹಿಂದೊಮ್ಮೆ ಹೆದ್ದಾರಿಯಲ್ಲಿ ಶಾಲೆಯ ವ್ಯಾನು ಮಗುಚಿದಾಗ ಮಕ್ಕಳನ್ನು ಹೊರಗೆ ತೆಗೆದವನು ಅವನು. ಈಗಲೂ ಕೆಲವು ಮಧ್ಯಾಹ್ನ ಈ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ನಮ್ಮ ನಡುವೆ ತಲೆ ಹಿಡಿದು ಕೂರುತ್ತಾನೆ. ಬಂದೂಕುಗಳು ಯಾರಿಗೂ ಹೇಳುವುದಿಲ್ಲವಲ್ಲ.

ಮೊನ್ನೆ ಯಮನಪ್ಪ ಲೈಸೆನ್ಸು ರದ್ದು ಮಾಡಿಸಲು ಬಂದ. ಮುಖದಲ್ಲಿ ಸ್ವಲ್ಪ ಮಾಂಸ ಬಂದಿತ್ತು. ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ, ಅದನ್ನು ಕಂಡು ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ! ನನ್ನನ್ನು ಕೊನೆಯ ಸಲ ಮುಟ್ಟಿ ನೋಡಿ ಹೊರಟ. ಆಗ ಗುಳೇದ ಕೋಣೆಯ ಬಾಗಿಲು ಅರ್ಧ ಮುಂದೆ ಮಾಡಿ, ದನಿ ಇಳಿಸಿ ಕೇಳಿದ.

"ಹವಾಲ್ದಾರ್ರ... ಅಲ್ಲಿ ಡಾಕ್ಟರ್ರು ಹೆಂಗದಾರ್ರಿ? ನನಗಲ್ರಿ. ನಮ್ಮ ತಮ್ಮಗ. ಅವಂಗ ನಿದ್ದಿ ಹತ್ತೂದಿಲ್ಲ."

ಗುಳೇದನಿಗೆ ತಮ್ಮನಿಲ್ಲ. ಅದು ನನಗೆ ಗೊತ್ತು, ಊರಿಗೆ ಗೊತ್ತು, ಯಮನಪ್ಪನಿಗೂ ಗೊತ್ತು.

"ಚಲೋ ಅದಾರ್ರಿ" ಎಂದ ಯಮನಪ್ಪ. "ಬರೂ ಮಂಗಳವಾರ ನಾ ಹೊಂಟೇನಿ. ತಮ್ಮಗ ಬರಾಕ ಹೇಳ್ರಿ. ಕಿಡಕಿ ಕಡೆ ಸೀಟು ಹಿಡದಿರ್ತೇನಿ."

ಇವತ್ತು ಮಂಗಳವಾರ. ಬೆಳಿಗ್ಗೆ ಕೋಣೆಯ ಬಾಗಿಲು ತೆಗೆದವರು ಬೇರೆ ಯಾರೋ. "ಗುಳೇದ ಸಾಹೇಬ್ರು ರಜಾ ಹಾಕ್ಯಾರ" ಎಂದು ಹೊರಗೆ ಯಾರಿಗೋ ಹೇಳುತ್ತಿದ್ದರು.

ಇನ್ನು ಸ್ವಲ್ಪ ದಿನಕ್ಕೆ ನನ್ನನ್ನು ಕತ್ತರಿಸಿ ಕರಗಿಸುತ್ತಾರಂತೆ. ಆಗಲಿ. ಒಂದು ಹಂದಿಯನ್ನೂ ಹೊಡೆಯದ ಬಂದೂಕು ನಾನು. ಆದರೆ ಆ ದಿನ ಬಾಗಿಲಲ್ಲಿ ನಿಂತ ರಾಜೇಸಾಬ ಇವತ್ತೂ ಗಾಡಿ ತಳ್ಳಿಕೊಂಡು ಹೋದ. ಅವನು ಹಣ್ಣು ಕೂಗುವುದು ನನಗೆ ಇಲ್ಲಿಯವರೆಗೆ ಕೇಳಿಸಿತು.